ಉರಿ ಹೊತ್ತಿಕೊಂಡು ಮತ್ತೆ ಆರುವುದೇಕೆ? ಮನೆಯ ಫರ್ನೇಸ್ ಬಗ್ಗೆ ಓದುಗರ ಪ್ರಶ್ನೆಗಳು

ಚಳಿ ದೇಶಗಳಲ್ಲಿರುವ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಫರ್ನೇಸಿನವು. ಗ್ಯಾಸ್ ಅಥವಾ ಪ್ರೊಪೇನ್ ಉರಿಸಿ, ಬಿಸಿಗಾಳಿಯನ್ನು ಡಕ್ಟ್‌ಗಳ ಮೂಲಕ ಕೋಣೆಗಳಿಗೆ ತಳ್ಳುವ ಫರ್ನೇಸನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ. ನೀರು ಕಾಯಿಸಿ ರೇಡಿಯೇಟರಿಗೆ ಹರಿಸುವ ಬಾಯ್ಲರಿನ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ.

ಪ್ರಶ್ನೆ: ಥರ್ಮೋಸ್ಟ್ಯಾಟ್ ಎಷ್ಟು ಏರಿಸಿದರೂ ಫರ್ನೇಸ್ ಸದ್ದೇ ಮಾಡುವುದಿಲ್ಲ. ಮೆಕ್ಯಾನಿಕ್ ಕರೆಸುವ ಮೊದಲು ನಾವೇ ಏನು ನೋಡಿಕೊಳ್ಳಬಹುದು?

ಉತ್ತರ: ಮೊದಲು ಥರ್ಮೋಸ್ಟ್ಯಾಟ್ 'ಹೀಟ್'ನಲ್ಲಿದೆಯೇ, ಕೇಳಿದ ಉಷ್ಣಾಂಶ ಕೋಣೆಯದಕ್ಕಿಂತ 2-3 ಡಿಗ್ರಿ ಮೇಲಿದೆಯೇ ನೋಡಿ. ಅದರಲ್ಲಿ ಬ್ಯಾಟರಿ ಇದ್ದರೆ ಬದಲಿಸಿ. ಪರದೆಯ ಮೇಲೆ ಅಂಕಿ ಕಾಣುತ್ತಿದೆ ಎಂದಮಾತ್ರಕ್ಕೆ ಒಳಗಿನ ರಿಲೇ ಎಳೆಯುವಷ್ಟು ಶಕ್ತಿ ಬ್ಯಾಟರಿಯಲ್ಲಿದೆ ಎಂದು ನಂಬಬೇಡಿ. ಆಮೇಲೆ ಬ್ರೇಕರ್. ಅದಾದ ಮೇಲೆ ಫರ್ನೇಸಿನ ಪಕ್ಕದ ಸ್ವಿಚ್: ಅದು ನೋಡಲು ದೀಪದ ಸ್ವಿಚ್ಚಿನಂತೆಯೇ ಇರುವುದರಿಂದ ಸಾಮಾನು ತೆಗೆಯಲು ನೆಲಮಾಳಿಗೆಗೆ ಹೋದವರು ಆರಿಸಿ ಬರುವುದು ತೀರಾ ಸಾಮಾನ್ಯ. ಫಿಲ್ಟರ್ ಬದಲಿಸಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಬಾಗಿಲನ್ನು ಅನುಮಾನಿಸಿ. ಬ್ಲೋವರ್ (ಬಿಸಿಗಾಳಿ ತಳ್ಳುವ ದೊಡ್ಡ ಫ್ಯಾನ್) ಇರುವ ಭಾಗದ ಬಾಗಿಲ ಹಿಂದೆ ಒಂದು ಸುರಕ್ಷತಾ ಸ್ವಿಚ್ ಇರುತ್ತದೆ, ಬಾಗಿಲು ಪೂರ್ತಿ ಕೂರದಿದ್ದರೆ ಇಡೀ ಯಂತ್ರಕ್ಕೆ ಕರೆಂಟ್ ಹೋಗುವುದಿಲ್ಲ.

ಇಷ್ಟೂ ಸರಿ ಇದ್ದರೆ ಬಾಗಿಲ ಮೇಲಿನ ಸಣ್ಣ ಗಾಜಿನ ಕಿಂಡಿಯಲ್ಲಿ ಇಣುಕಿ. ಒಳಗಿನ ಬೋರ್ಡಿನ ಮೇಲೆ ಒಂದು ದೀಪ ಮಿನುಗುತ್ತಿರುತ್ತದೆ. ಎಷ್ಟು ಸಲ ಮಿನುಗಿ ನಿಲ್ಲುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ, ಅದರ ಅರ್ಥ ಬಾಗಿಲ ಒಳಬದಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಎಣಿಸುವ ಮುಂಚೆ ಸ್ವಿಚ್ ಆರಿಸಬೇಡಿ, ಕೆಲವು ಬೋರ್ಡುಗಳು ಕರೆಂಟ್ ಹೋದೊಡನೆ ಕೋಡನ್ನು ಮರೆತುಬಿಡುತ್ತವೆ.

ದೀಪವೇ ಇಲ್ಲದಿದ್ದರೆ ಬೋರ್ಡಿನ ಮೇಲಿನ ಫ್ಯೂಸ್ ನೋಡಿ. ಕಾರುಗಳಲ್ಲಿ ಬಳಸುವಂಥ ಚಪ್ಪಟೆ ಫ್ಯೂಸ್ ಅದು, ಸಾಮಾನ್ಯವಾಗಿ 3 ಅಥವಾ 5 ಆಂಪಿಯರಿನದು. ಸುಟ್ಟಿದ್ದರೆ ಸ್ವಿಚ್ ಆರಿಸಿ, ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಥರ್ಮೋಸ್ಟ್ಯಾಟಿನ ಸಣ್ಣ ತಂತಿ ಎಲ್ಲೋ ಕತ್ತರಿಸಿಯೋ ಉಜ್ಜಿಯೋ ಒಂದಕ್ಕೊಂದು ತಾಗುತ್ತಿದೆ ಎಂದರ್ಥ. ಹೊರಗಿನ ಏ.ಸಿ. ಘಟಕಕ್ಕೆ ಹೋಗುವ ತಂತಿಯನ್ನು ಮೊದಲು ಪರೀಕ್ಷಿಸಿ, ಬಿಸಿಲು-ಮಳೆಗೆ ಅದರ ಹೊದಿಕೆ ಬೇಗ ಒಡೆಯುತ್ತದೆ. ದೊಡ್ಡ ಫ್ಯೂಸ್ ಹಾಕಿ ಗೆದ್ದೆ ಎಂದುಕೊಂಡರೆ ಮುಂದಿನ ಸಲ ಸುಡುವುದು ಟ್ರಾನ್ಸ್‌ಫಾರ್ಮರ್.

ಪ್ರಶ್ನೆ: ಫರ್ನೇಸ್ ಶುರುವಾಗುತ್ತದೆ, ಉರಿಯೂ ಕಾಣುತ್ತದೆ, ಐದಾರು ಸೆಕೆಂಡಿಗೆ ಆರಿಹೋಗುತ್ತದೆ. ಹೀಗೆ ಮೂರು ಸಲ ಆಗಿ ಆಮೇಲೆ ಸುಮ್ಮನಾಗುತ್ತದೆ. ಒಂದು ಗಂಟೆಯ ನಂತರ ಮತ್ತೆ ಅದೇ ಕಥೆ. ಗ್ಯಾಸ್ ವಾಲ್ವ್ ಹಾಳಾಗಿದೆಯೇ?

ಉತ್ತರ: ಉರಿ ಹೊತ್ತಿಕೊಂಡಿತು ಎಂದರೆ ವಾಲ್ವ್ ತೆರೆದಿದೆ. ಅದನ್ನು ಬಿಟ್ಟು ಮುಂದೆ ಹೋಗೋಣ.

ಇಂದಿನ ಫರ್ನೇಸ್ ಒಂದೊಂದೇ ಹೆಜ್ಜೆಯನ್ನು ಖಚಿತ ಮಾಡಿಕೊಂಡು ಮುಂದಿನದನ್ನು ಇಡುತ್ತದೆ. ಥರ್ಮೋಸ್ಟ್ಯಾಟ್ ಬಿಸಿ ಕೇಳಿದಾಗ ಮೊದಲು ತಿರುಗುವುದು ಇಂಡ್ಯೂಸರ್ ಎಂಬ ಸಣ್ಣ ಫ್ಯಾನ್. ಹೊಗೆಯನ್ನು ಹೊರಗೆಳೆಯುವುದು ಅದರ ಕೆಲಸ. ಎಳೆತ ಸಾಕಷ್ಟಿದೆ ಎಂದು ಪ್ರೆಶರ್ ಸ್ವಿಚ್ ಒಪ್ಪಿದ ಮೇಲೆ ಇಗ್ನೈಟರ್ ಕೆಂಪಗೆ ಕಾಯುತ್ತದೆ. ಅರ್ಧ ನಿಮಿಷದೊಳಗೆ ವಾಲ್ವ್ ತೆರೆದು ಬರ್ನರ್ ಹೊತ್ತಿಕೊಳ್ಳುತ್ತದೆ. ನಿಜವಾಗಿಯೂ ಹೊತ್ತಿತೇ ಎಂದು ಹೇಳುವುದು ಫ್ಲೇಮ್ ಸೆನ್ಸರ್. ಅದು ಹೌದೆಂದ ಮೇಲೆ, ಇನ್ನೊಂದು ಅರ್ಧ ನಿಮಿಷ ಬಿಟ್ಟು ದೊಡ್ಡ ಬ್ಲೋವರ್ ಓಡುತ್ತದೆ. ಯಾವ ಹೆಜ್ಜೆಯಲ್ಲಿ ನಿಂತಿತು ಎಂದು ಕಂಡುಕೊಂಡರೆ ಅರ್ಧ ರಿಪೇರಿ ಮುಗಿದಂತೆ. ನಿಮ್ಮದು ಸೆನ್ಸರಿನ ಹೆಜ್ಜೆಯಲ್ಲಿ ನಿಂತಿದೆ.

ಸೆನ್ಸರ್ ಅಂದರೆ ಪಿಂಗಾಣಿ ಬುಡದ ಒಂದು ತೆಳು ಲೋಹದ ಕಡ್ಡಿ. ಉರಿಯೊಳಗೆ ಚಾಚಿಕೊಂಡಿರುತ್ತದೆ. ಉರಿಯ ಮೂಲಕ ಕರೆಂಟ್ ಹರಿಯಬಲ್ಲದು, ಆ ಕರೆಂಟನ್ನೇ ಬೋರ್ಡು ಅಳೆಯುತ್ತದೆ. ಅದಾದರೂ ಎಷ್ಟು? ಒಂದರಿಂದ ಆರು ಮೈಕ್ರೋಆಂಪಿಯರ್, ಅಷ್ಟೇ. ಕಡ್ಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂತರೂ ಆ ಲೆಕ್ಕ ತಪ್ಪುತ್ತದೆ. ಉರಿ ಇದ್ದರೂ ಇಲ್ಲವೆಂದುಕೊಂಡು ಬೋರ್ಡು ಗ್ಯಾಸ್ ನಿಲ್ಲಿಸುತ್ತದೆ. ಕೆಲವು ಪ್ರಯತ್ನಗಳ ನಂತರ ತಾನೇ ಬೀಗ ಹಾಕಿಕೊಂಡು, ಬಹುತೇಕ ಮಾದರಿಗಳಲ್ಲಿ ಗಂಟೆಯ ಬಳಿಕ ಮತ್ತೆ ಯತ್ನಿಸುತ್ತದೆ.

ಸ್ವಚ್ಛ ಮಾಡುವ ಕ್ರಮ ಹೀಗಿದೆ. ಕರೆಂಟ್ ಆರಿಸಿ, ಗ್ಯಾಸಿನ ಕೈವಾಲ್ವ್ ಮುಚ್ಚಿ, ಬರ್ನರ್ ತಣ್ಣಗಾಗಲು ಬಿಡಿ. ಮುಂಬಾಗಿಲು ತೆಗೆದರೆ ಬರ್ನರ್ ಸಾಲಿನ ಒಂದು ತುದಿಯಲ್ಲಿ ಇಗ್ನೈಟರ್, ಸಾಮಾನ್ಯವಾಗಿ ಇನ್ನೊಂದು ತುದಿಯಲ್ಲಿ ಸೆನ್ಸರ್ ಕಾಣುತ್ತದೆ. ಗುರುತು ಸುಲಭ: ಇಗ್ನೈಟರಿಗೆ ಎರಡು ತಂತಿ, ಸೆನ್ಸರಿಗೆ ಒಂದೇ. ತಂತಿ ಕಳಚಿ, ಒಂದೇ ಒಂದು ಸ್ಕ್ರೂ ಬಿಚ್ಚಿ, ಕಡ್ಡಿಯನ್ನು ನೇರವಾಗಿ ಹೊರಗೆಳೆಯಿರಿ. ನಯವಾದ ಸ್ಟೀಲ್ ವೂಲ್‌ನಿಂದ ಲೋಹ ಹೊಳೆಯುವವರೆಗೆ ಮೆಲ್ಲಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಒರಟು ಸ್ಯಾಂಡ್‌ಪೇಪರ್ ಬೇಡ. ಅದು ಎಳೆಯುವ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಪಿಂಗಾಣಿಯಲ್ಲಿ ಬಿರುಕಿದ್ದರೆ ಉಜ್ಜಿ ಫಲವಿಲ್ಲ, ಮಾದರಿ ಸಂಖ್ಯೆ ನೋಡಿ ಹೊಸದು ತನ್ನಿ. ಕೆಲಸ ಮಾಡುವಾಗ ಇಗ್ನೈಟರಿಗೆ ಬೆರಳು ತಾಗಿಸಬೇಡಿ. ಕೈಯ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಅಲ್ಲೇ ಸೀಳುತ್ತದೆ.

ಇದು ವರ್ಷಕ್ಕೊಮ್ಮೆ ಆಗಬಹುದಾದ ಕೆಲಸ. ತಿಂಗಳೊಳಗೆ ಮತ್ತೆ ಅದೇ ತೊಂದರೆ ಬಂದರೆ ಕಡ್ಡಿಯನ್ನೇ ಪದೇಪದೇ ಉಜ್ಜುತ್ತ ಕೂರಬೇಡಿ. ಫರ್ನೇಸಿನ ಅರ್ತ್ ಸಡಿಲವಾಗಿದ್ದರೂ, ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೂ ಸೆನ್ಸರಿನ ಲೆಕ್ಕ ಕೆಡುತ್ತದೆ. ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ: ಅದೇ ಕೋಣೆಯಲ್ಲಿಟ್ಟ ಬ್ಲೀಚ್, ಬಣ್ಣದ ಥಿನ್ನರ್, ಬಟ್ಟೆಗೆ ಹಾಕುವ ಸಾಫ್ಟ್‌ನರ್. ಕೋಣೆಯ ಗಾಳಿಯನ್ನೇ ಉರಿಗೆ ಬಳಸುವ ಫರ್ನೇಸ್ ಇವುಗಳ ಆವಿಯನ್ನೂ ಎಳೆದುಕೊಳ್ಳುತ್ತದೆ. ಸಿಲಿಕೋನ್ ಇರುವ ಆವಿ ಕಡ್ಡಿಯ ಮೇಲೆ ಗಾಜಿನಂಥ ಪದರ ಹಚ್ಚುತ್ತದೆ, ಕ್ಲೋರಿನ್ ಇರುವುದು ಹೀಟ್ ಎಕ್ಸ್‌ಚೇಂಜರನ್ನೇ, ಅಂದರೆ ಉರಿಯ ಶಾಖವನ್ನು ಗಾಳಿಗೆ ದಾಟಿಸುವ ಲೋಹದ ಗೂಡನ್ನೇ, ತಿನ್ನುತ್ತದೆ.

ಪ್ರಶ್ನೆ: ನಮ್ಮದು 95 ಪ್ರತಿಶತ ದಕ್ಷತೆಯ ಹೊಸ ಫರ್ನೇಸ್. ಹಿಮ ಬಿದ್ದ ಮಾರನೆಯ ದಿನ ನಿಂತುಹೋಯಿತು, 'ಪ್ರೆಶರ್ ಸ್ವಿಚ್' ಎಂಬ ಕೋಡ್ ತೋರಿಸುತ್ತಿದೆ. ಒಳಗೆ ಗುಳುಗುಳು ಸದ್ದೂ ಇದೆ. ಸ್ವಿಚ್ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಸ್ವಿಚ್ ಸುದ್ದಿ ತಂದಿದೆ ಅಷ್ಟೆ, ಕಾರಣ ಬಹುತೇಕ ಬೇರೆ ಕಡೆ ಇರುತ್ತದೆ. ಮೊದಲು ಮನೆಯ ಹೊರಗೆ ಹೋಗಿ. ಈ ಬಗೆಯ ಫರ್ನೇಸಿಗೆ ಗೋಡೆಯಿಂದ ಬಿಳಿ ಪ್ಲಾಸ್ಟಿಕ್ ಕೊಳವೆಗಳು ಹೊರಬಂದಿರುತ್ತವೆ, ಒಂದು ಗಾಳಿ ಎಳೆಯಲು, ಇನ್ನೊಂದು ಹೊಗೆ ಬಿಡಲು. ಅವುಗಳ ಬಾಯಿ ಹಿಮದಲ್ಲಿ ಹೂತಿದ್ದರೆ ಕೈಯಿಂದ ತೆಗೆಯಿರಿ, ಮಂಜುಗಟ್ಟಿದ್ದರೆ ಬೆಚ್ಚನೆ ನೀರು ಸುರಿಯಿರಿ. ಗುದ್ದಲಿಯಲ್ಲಿ ಹೊಡೆದರೆ ಚಳಿಗೆ ಪೆಡಸಾದ ಪ್ಲಾಸ್ಟಿಕ್ ಸೀಳಿಬಿಡುತ್ತದೆ. ಕೊಳವೆಯ ಬಾಯಿ ಸಾಮಾನ್ಯ ಹಿಮದ ಮಟ್ಟಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಮೇಲಿರಬೇಕು. ಇಲ್ಲದಿದ್ದರೆ ಪ್ರತಿ ಚಳಿಗಾಲವೂ ಇದೇ ಪಾಡು.

ಗುಳುಗುಳು ಸದ್ದು ನೀರಿನದು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಹಿಂಡಿಕೊಳ್ಳುವುದರಿಂದಲೇ ಈ ಫರ್ನೇಸ್‌ಗಳಿಗೆ 90 ದಾಟಿದ ದಕ್ಷತೆ. ಹಾಗಾಗಿ ಕಡುಚಳಿಯಲ್ಲಿ ದಿನಕ್ಕೆ ಹಲವು ಲೀಟರ್ ನೀರು ಇಳಿಯುತ್ತದೆ, ಅದು ಆಮ್ಲೀಯವೂ ಹೌದು. ಟ್ರ್ಯಾಪ್ ಎಂಬ ಪ್ಲಾಸ್ಟಿಕ್ ಬಟ್ಟಲಿನ ಮೂಲಕ ಅದು ಮೋರಿಗೆ ಹೋಗುತ್ತದೆ. ಅಲ್ಲಿ ಲೋಳೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ನಿಂತು ಇಂಡ್ಯೂಸರಿನ ಗೂಡು ತುಂಬುತ್ತದೆ, ಎಳೆತ ಕುಗ್ಗುತ್ತದೆ, ಸ್ವಿಚ್ ತೆರೆದುಕೊಳ್ಳುತ್ತದೆ. ಕರೆಂಟ್ ಆರಿಸಿ, ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ ಕಳಚಿ, ಬೆಚ್ಚನೆ ನೀರಿನಲ್ಲಿ ತೊಳೆಯಿರಿ. ತಿರುಗಿ ಹಾಕುವಾಗ ಅದರಲ್ಲಿ ನೀರು ತುಂಬಿಯೇ ಹಾಕಿ. ಒಣ ಟ್ರ್ಯಾಪ್ ಮೂಲಕ ಇಂಡ್ಯೂಸರ್ ಗಾಳಿ ಎಳೆದುಕೊಂಡು ನೀರು ಇಳಿಯದಂತೆ ತಡೆಯಬಹುದು.

ಸ್ವಿಚ್ಚಿಗೆ ಹೋಗುವ ರಬ್ಬರ್ ನಳಿಗೆಯನ್ನೂ ನೋಡಿ. ಸೀಳಿದ್ದರೆ ಬದಲಿಸಿ. ಒಳಗೆ ನೀರಿದ್ದರೆ ಕಳಚಿ ಕೊಡವಿ, ಇಂಡ್ಯೂಸರಿನ ಬದಿಯ ತೂತನ್ನು ತೆಳು ತಂತಿಯಿಂದ ಬಿಡಿಸಿ. ಸ್ವಿಚ್ಚಿನೊಳಕ್ಕೆ ಬಾಯಿಂದ ಊದಬೇಡಿ, ಅದರ ಪೊರೆ ಹರಿಯುತ್ತದೆ. ಹೊಗೆ ಕೊಳವೆ ಫರ್ನೇಸಿನ ಕಡೆಗೆ ಮೀಟರಿಗೆ 2 ಸೆಂಟಿಮೀಟರಿನಷ್ಟು ಇಳಿಜಾರಾಗಿರಬೇಕು. ನಡುವೆ ಜೋತುಬಿದ್ದಿದ್ದರೆ ಅಲ್ಲೇ ನೀರು ನಿಲ್ಲುತ್ತದೆ.

ಪ್ರಶ್ನೆ: ದಿನವಿಡೀ ಗಾಳಿ ಬರುತ್ತದೆ, ಆದರೆ ತಣ್ಣಗೆ.

ಉತ್ತರ: ಥರ್ಮೋಸ್ಟ್ಯಾಟಿನಲ್ಲಿ ಫ್ಯಾನ್ 'ಆನ್'ನಲ್ಲಿದ್ದರೆ 'ಆಟೋ'ಗೆ ತನ್ನಿ, ಅಷ್ಟೆ. ಹಳೆಯ ಬಗೆಯ ಬ್ಲೋವರ್ ಮೋಟಾರು 400 ವಾಟ್ ಎಳೆಯುತ್ತದೆ ಎಂದುಕೊಂಡರೂ ದಿನಕ್ಕೆ 10 ಯೂನಿಟ್ ಸಮೀಪ ಹೋಯಿತು. ಮೊದಲೇ 'ಆಟೋ'ದಲ್ಲಿದ್ದೂ ಬ್ಲೋವರ್ ನಿಲ್ಲದೆ ಓಡುತ್ತಿದ್ದರೆ ಲಿಮಿಟ್ ಸ್ವಿಚ್ ತೆರೆದಿರಬಹುದು. ಒಳಗೆ ಮಿತಿಮೀರಿ ಕಾದಾಗ ಬೋರ್ಡು ಉರಿ ನಿಲ್ಲಿಸಿ, ತಣಿಸಲು ಬ್ಲೋವರನ್ನು ಓಡಿಸುತ್ತದೆ. ಅದಕ್ಕೆ ಮದ್ದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಫಿಲ್ಟರಿನ ಸೋಸುವ ಶಕ್ತಿ ಹೇಳುವ ಮರ್ವ್ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಉತ್ತರ: ಫರ್ನೇಸಿನ ಕಾಯಿಲೆಗಳಲ್ಲಿ ಗಾಳಿಯ ಕೊರತೆಯಿಂದ ಬರುವವೇ ಹೆಚ್ಚು, ಅದರ ಬಾಗಿಲಲ್ಲಿ ಕೂತಿರುವುದು ಫಿಲ್ಟರ್. ಒಂದು ಇಂಚು ದಪ್ಪದ್ದಾದರೆ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಿಸಿ, ಹೇಗೂ ಮೂರು ತಿಂಗಳು ದಾಟಿಸಬೇಡಿ. ನಾಲ್ಕೈದು ಇಂಚಿನದು ಆರು ತಿಂಗಳಿಂದ ವರ್ಷ ಬರುತ್ತದೆ. ಅಂಚಿನ ಮೇಲಿನ ಬಾಣ ಬ್ಲೋವರಿನ ಕಡೆಗಿರಬೇಕು.

ಮರ್ವ್ ಅಂಕಿ ಏರಿದಷ್ಟೂ ಸಣ್ಣ ಕಣ ಸಿಕ್ಕಿಬೀಳುತ್ತದೆ ನಿಜ, ಜೊತೆಗೆ ಗಾಳಿಗೂ ಅಡ್ಡಿ. ಒಂದು ಇಂಚಿನ ಜಾಗಕ್ಕೆ 8 ಸಾಕು, ಧೂಳಿನ ಅಲರ್ಜಿ ಇದ್ದರೆ 11. ಅದೇ ತೆಳು ಜಾಗಕ್ಕೆ 13 ತುರುಕುವುದನ್ನು ನಾವು ಒಪ್ಪುವುದಿಲ್ಲ. 13 ಬೇಕೇ ಬೇಕೆಂದರೆ ನಾಲ್ಕೈದು ಇಂಚಿನ ಪೆಟ್ಟಿಗೆ ಹಾಕಿಸಿ. ಮಡಿಕೆಗಳು ಹೆಚ್ಚಿರುವುದರಿಂದ ಗಾಳಿ ಸರಾಗವಾಗಿ ಹೋಗುತ್ತದೆ.

ಗಾಳಿ ಸಾಕಷ್ಟಿದೆಯೇ ಎಂದು ನೀವೇ ಅಳೆಯಬಹುದು. ಫರ್ನೇಸಿನ ಹಣೆಪಟ್ಟಿಯಲ್ಲಿ ಉಷ್ಣಾಂಶ ಏರಿಕೆಯ ಮಿತಿ ಬರೆದಿರುತ್ತದೆ, ಉದಾಹರಣೆಗೆ 20ರಿಂದ 35 ಡಿಗ್ರಿ ಸೆಲ್ಸಿಯಸ್. ಕಾಲು ಗಂಟೆ ಓಡಿದ ಮೇಲೆ ಒಳಬರುವ ಗಾಳಿಯ ಡಕ್ಟಿನಲ್ಲಿ ಒಮ್ಮೆ, ಫರ್ನೇಸಿನಿಂದ ಒಂದೂವರೆ ಮೀಟರ್ ಆಚೆ ಬಿಸಿಗಾಳಿಯ ಡಕ್ಟಿನಲ್ಲಿ ಒಮ್ಮೆ ಥರ್ಮಾಮೀಟರ್ ತೂರಿಸಿ ನೋಡಿ. ವ್ಯತ್ಯಾಸ ಮೇಲಿನ ಮಿತಿಯನ್ನು ದಾಟಿದರೆ ಗಾಳಿ ಕಡಿಮೆ. ಫಿಲ್ಟರ್ ಹೊಸದಾಗಿದ್ದೂ ಹೀಗಾದರೆ ಮುಚ್ಚಿದ ರಿಜಿಸ್ಟರ್‌ಗಳು (ಕೋಣೆಗೆ ಬಿಸಿಗಾಳಿ ಬಿಡುವ ಜಾಲರಿಗಳು), ಸೋಫಾ ಅಡ್ಡ ಇಟ್ಟ ರಿಟರ್ನ್ ಜಾಲರಿ (ಕೋಣೆಯ ಗಾಳಿ ಫರ್ನೇಸಿಗೆ ಮರಳುವ ಜಾಗ), ಬ್ಲೋವರ್ ಚಕ್ರದ ರೆಕ್ಕೆಗಳಿಗೆ ಅಂಟಿದ ಧೂಳು ಇವನ್ನು ನೋಡಿ. ಎಲ್ಲರೂ ಮರೆಯುವುದು ಫರ್ನೇಸಿನ ತಲೆಯ ಮೇಲೆ ಕೂತಿರುವ ಏ.ಸಿ. ಕಾಯಿಲ್. ಬೇಸಿಗೆಯ ತೇವಕ್ಕೆ ಅಂಟಿದ ಧೂಳು ಚಳಿಗಾಲದ ಗಾಳಿಯನ್ನು ಕಟ್ಟಿಹಾಕುತ್ತದೆ.

ಪ್ರಶ್ನೆ: ಲಿಮಿಟ್ ಸ್ವಿಚ್ ಮತ್ತೆ ಮತ್ತೆ ಬೀಳುತ್ತಿದೆ. ಎರಡು ತಂತಿ ಸೇರಿಸಿಬಿಟ್ಟರೆ ಸರಿಯಾಗುತ್ತದೆ ಎಂದು ಪರಿಚಯದವರು ಹೇಳಿದರು.

ಉತ್ತರ: ಖಂಡಿತ ಬೇಡ. ಲಿಮಿಟ್ ಸ್ವಿಚ್ ಬೀಳುವುದು ಹೀಟ್ ಎಕ್ಸ್‌ಚೇಂಜರ್ ಕಾದು ಸೀಳದಿರಲಿ ಎಂದು. ಅದು ಸೀಳಿದರೆ ಹೊಗೆ ಕೋಣೆಯ ಗಾಳಿಗೆ ಸೇರುವ ದಾರಿ ತೆರೆಯಿತು. ಇನ್ನು ಬರ್ನರ್ ಪಕ್ಕದಲ್ಲಿ ಸಣ್ಣ ಗುಂಡಿ ಇರುವ ರೋಲ್‌ಔಟ್ ಸ್ವಿಚ್ ಬಿದ್ದಿದ್ದರೆ ಅದರ ಅರ್ಥ ಉರಿ ಇರಬೇಕಾದ ಜಾಗ ಬಿಟ್ಟು ಹೊರಚಾಚಿದೆ ಎಂದು. ಆ ಗುಂಡಿ ಒತ್ತಿ ಮರೆತುಬಿಡುವಂಥದ್ದಲ್ಲ. ಗ್ಯಾಸ್ ಮುಚ್ಚಿ, ಪರವಾನಗಿ ಇರುವ ತಂತ್ರಜ್ಞರನ್ನೇ ಕರೆಸಿ.

ಕಿಂಡಿಯಲ್ಲಿ ಕಾಣುವ ಉರಿ ನೀಲಿಯಾಗಿ ಸ್ಥಿರವಾಗಿರಬೇಕು. ಆಗೊಮ್ಮೆ ಈಗೊಮ್ಮೆ ಧೂಳಿನ ಕಿತ್ತಳೆ ಕಿಡಿ ಹಾರಿದರೆ ಚಿಂತೆಯಿಲ್ಲ. ಸೋಮಾರಿಯಂತೆ ತೂಗಾಡುವ ಹಳದಿ ಉರಿ, ಬಾಗಿಲ ಸುತ್ತ ಮಸಿ, ಬ್ಲೋವರ್ ಶುರುವಾದ ಕ್ಷಣದಲ್ಲಿ ಉರಿ ಅಲುಗಾಡುವುದು, ಈ ಮೂರರಲ್ಲಿ ಯಾವುದು ಕಂಡರೂ ಯಂತ್ರ ನಿಲ್ಲಿಸಿ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರತಿ ಅಂತಸ್ತಿನಲ್ಲಿ, ಮಲಗುವ ಕೋಣೆಗಳ ಹತ್ತಿರ ಅಲಾರಂ ಇರಲಿ. ಅದರ ಬೆನ್ನ ಮೇಲಿನ ದಿನಾಂಕ ನೋಡಿ, ಅವಧಿ ಮುಗಿದದ್ದು ಪರೀಕ್ಷೆಯ ಗುಂಡಿಗೆ ಕೂಗಿದರೂ ನಂಬಲರ್ಹವಲ್ಲ. ಅಮೆರಿಕದ ಮಾನದಂಡದ ಪ್ರಕಾರ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಇದ್ದರೆ 4ರಿಂದ 15 ನಿಮಿಷದೊಳಗೆ ಅದು ಕೂಗಬೇಕು. 70 ಪಿಪಿಎಂ ಇದ್ದಾಗಲಾದರೆ ಕೂಗಲು 1ರಿಂದ 4 ಗಂಟೆ ಹಿಡಿಯುತ್ತದೆ. ಅಂದರೆ ಅಲಾರಂ ಸುಮ್ಮನಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ ಎಲ್ಲರೂ ಹೊರಬಂದು ಅಲ್ಲಿಂದಲೇ ತುರ್ತು ಸೇವೆಗೆ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದರೂ ಹಾಗೆಯೇ. ದೀಪದ ಸ್ವಿಚ್ ಹಾಕುವುದಾಗಲಿ, ಆರಿಸುವುದಾಗಲಿ ಬೇಡ.

ಪ್ರಶ್ನೆ: ಶುರುವಾಗುವಾಗ 'ಧಡ್' ಎಂದು ಸದ್ದು.

ಉತ್ತರ: ಸದ್ದು ಯಾವಾಗ ಬರುತ್ತದೆ ಗಮನಿಸಿ. ಉರಿ ಹೊತ್ತುವ ಕ್ಷಣದಲ್ಲಿಯೇ ಬಂದರೆ ಗ್ಯಾಸ್ ತಡವಾಗಿ ಹೊತ್ತುತ್ತಿದೆ. ಬರ್ನರಿನಲ್ಲಿ ತುಕ್ಕು-ಧೂಳು ಕಟ್ಟಿ ಉರಿ ಒಂದರಿಂದ ಒಂದಕ್ಕೆ ದಾಟುವುದು ನಿಧಾನವಾದಾಗ ಶೇಖರವಾದ ಗ್ಯಾಸ್ ಒಮ್ಮೆಗೇ ಭಗ್ಗೆನ್ನುತ್ತದೆ. ಇದನ್ನು ಮುಂದೂಡಬೇಡಿ. ಬ್ಲೋವರ್ ಶುರುವಾದ ಮೇಲೆ ಬಂದರೆ ತಗಡಿನ ಡಕ್ಟ್ ಹಿಗ್ಗಿ ಉಬ್ಬುವ ಸದ್ದು, ಅಪಾಯವಿಲ್ಲ. ಆದರೆ ಅದು ಗಾಳಿಯ ಒತ್ತಡ ಹೆಚ್ಚಿರುವ ಸೂಚನೆಯಾಗಿರಬಹುದು, ಫಿಲ್ಟರ್ ನೋಡಿ.

ಪ್ರಶ್ನೆ: ಬಿಲ್ ಇಳಿಸಲು ಖಾಲಿ ಕೋಣೆಗಳ ರಿಜಿಸ್ಟರ್ ಮುಚ್ಚಿದ್ದೇವೆ. ರಾತ್ರಿ ಥರ್ಮೋಸ್ಟ್ಯಾಟ್ ಇಳಿಸಿದರೆ ಬೆಳಗ್ಗೆ ಮತ್ತೆ ಕಾಯಿಸಲು ಅಷ್ಟೇ ಗ್ಯಾಸ್ ಬೇಕಾಗುತ್ತದೆ ಎಂದು ಇಳಿಸುವುದಿಲ್ಲ. ಇದು ಸರಿಯೇ?

ಉತ್ತರ: ಎರಡೂ ತಿರುವುಮುರುವಾಗಿವೆ. ಮುಚ್ಚಿದ್ದನ್ನು ತೆರೆಯಿರಿ, ಇಳಿಸದಿರುವುದನ್ನು ಇಳಿಸಿ.

ರಿಜಿಸ್ಟರ್ ಮುಚ್ಚಿದ ಮಾತ್ರಕ್ಕೆ ಬರ್ನರ್ ಕಡಿಮೆ ಉರಿಯುವುದಿಲ್ಲ. ಡಕ್ಟಿನೊಳಗೆ ಒತ್ತಡ ಏರಿ ಸಂದುಗಳಿಂದ ಸೋರಿಕೆ ಹೆಚ್ಚುತ್ತದೆ, ಫರ್ನೇಸ್ ಕಾದು ಲಿಮಿಟ್ ಬೀಳುತ್ತದೆ. ಒಂದೆರಡು ರಿಜಿಸ್ಟರನ್ನು ಅರ್ಧ ಮುಚ್ಚಿದರೆ ನಡೆದೀತು.

ಮನೆಯಿಂದ ಶಾಖ ಹೊರಹೋಗುವ ವೇಗ ಒಳಗಿನ-ಹೊರಗಿನ ಉಷ್ಣಾಂಶದ ಅಂತರಕ್ಕೆ ಅನುಗುಣ. ರಾತ್ರಿ ಆ ಅಂತರ ಕಡಿಮೆಯಿದ್ದಷ್ಟು ಹೊತ್ತು ಹೋಗುವ ಶಾಖವೂ ಕಡಿಮೆ. ಬೆಳಗಿನ ಏರಿಕೆಗೆ ಬೇಕಾಗುವುದು ಗೋಡೆ-ಸಾಮಾನುಗಳು ಬಿಟ್ಟುಕೊಟ್ಟ ಶಾಖ ಮಾತ್ರ, ನಡುವೆ ಉಳಿದದ್ದು ಉಳಿತಾಯವೇ. ದಿನಕ್ಕೆ 8 ಗಂಟೆ 4-5 ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ವರ್ಷಕ್ಕೆ ಶೇಕಡಾ 10ರವರೆಗೆ ಉಳಿಸಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಬೇಗ ಬಿಸಿಯಾಗಲಿ ಎಂದು 27ಕ್ಕೆ ತಿರುಗಿಸಿಡಬೇಡಿ. ಒಂದೇ ಹಂತದ ಫರ್ನೇಸ್ 20ಕ್ಕೂ 27ಕ್ಕೂ ಒಂದೇ ವೇಗದಲ್ಲಿ ಉರಿಯುತ್ತದೆ. ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆಳೆಯುವ ವಿದ್ಯುತ್ ಯಂತ್ರ) ಇರುವವರು ಮಾತ್ರ ಹೆಚ್ಚು ಇಳಿಸಬಾರದು. ಬೆಳಗ್ಗೆ ಅಂತರ ತುಂಬಲು ಅದು ತನ್ನ ವಿದ್ಯುತ್ ಕಾಯಿಲ್ ಹೀಟರನ್ನು ಕರೆದರೆ ರಾತ್ರಿಯ ಉಳಿತಾಯ ಅಲ್ಲೇ ಕರಗಿತು.

ಹಣ ಖರ್ಚು ಮಾಡುವುದಾದರೆ ಸಂದು ಮುಚ್ಚುವುದರಿಂದ ಶುರುಮಾಡಿ, ಅದೂ ಮೇಲಿನಿಂದ. ಬಿಸಿಗಾಳಿ ಅಟ್ಟದ ಬಾಗಿಲು, ಕೊಳವೆ-ವೈರು ತೂರಿದ ರಂಧ್ರಗಳಿಂದ ಮೇಲೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದು ಆಮೇಲಿನ ಮಾತು. ಅಟ್ಟದಲ್ಲೋ ನೆಲದಡಿಯಲ್ಲೋ ಹಾದುಹೋಗುವ ಡಕ್ಟಿನ ಕೀಲುಗಳಿಗೆ ಮ್ಯಾಸ್ಟಿಕ್ ಎಂಬ ಅಂಟುಲೇಪ ಬಳಿಯಿರಿ ಅಥವಾ ಲೋಹದ ಹಾಳೆಯ ಟೇಪ್ ಸುತ್ತಿ. ಡಕ್ಟ್ ಟೇಪ್ ಎಂದೇ ಹೆಸರಾದ ಬಟ್ಟೆಯ ಟೇಪ್ ಶಾಖಕ್ಕೆ ಒಣಗಿ ಉದುರುತ್ತದೆ. ಸಂದು ಮುಚ್ಚುವ ಹುರುಪಿನಲ್ಲಿ ಫರ್ನೇಸ್ ಕೋಣೆಯ ಗಾಳಿ ಜಾಲರಿಯನ್ನು ಮಾತ್ರ ಮುಚ್ಚಬೇಡಿ. ಕೋಣೆಯ ಗಾಳಿ ಬಳಸುವ ಫರ್ನೇಸಿಗೆ ಅದೇ ಉಸಿರು.

ಪ್ರಶ್ನೆ: ಒಂದೇ ಕೋಣೆಯಲ್ಲಿ ಇರುತ್ತೇವೆ. ವಿದ್ಯುತ್ ಹೀಟರ್ ಅಗ್ಗವಲ್ಲವೇ?

ಉತ್ತರ: ಲೆಕ್ಕ ಹಾಕಿ. ಒಂದು ಘನ ಮೀಟರ್ ನೈಸರ್ಗಿಕ ಅನಿಲದಲ್ಲಿ ಸುಮಾರು 10.5 ಯೂನಿಟ್ (ಕಿಲೋವಾಟ್-ಗಂಟೆ) ಶಾಖವಿದೆ, ಗ್ಯಾಸ್ ಬಿಲ್ಲಿನ ಇನ್ನೊಂದು ಅಳತೆಯಾದ ಒಂದು ಥರ್ಮ್‌ನಲ್ಲಿ 29.3 ಯೂನಿಟ್. 95 ಪ್ರತಿಶತದ ಫರ್ನೇಸಿನಲ್ಲಿ ಘನ ಮೀಟರಿಗೆ ನಿಮಗೆ ದಕ್ಕುವುದು 10 ಯೂನಿಟ್, 80 ಪ್ರತಿಶತದ್ದರಲ್ಲಿ 8.4. ಗ್ಯಾಸ್ ದರವನ್ನು ಈ ಅಂಕಿಯಿಂದ ಭಾಗಿಸಿ ವಿದ್ಯುತ್ ಯೂನಿಟ್ ದರದ ಪಕ್ಕ ಇಡಿ. ವಿದ್ಯುತ್ ಮೂರು ಪಟ್ಟು ದುಬಾರಿ ಎಂದು ಬಂದರೆ, ಹೀಟರ್ ಲಾಭವಾಗಬೇಕಾದರೆ ಇಡೀ ಮನೆಗೆ ಬೇಕಾಗುವ ಶಾಖದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಆ ಕೋಣೆ ಬೆಚ್ಚಗಿರಬೇಕು, ಉಳಿದ ಮನೆಯನ್ನು ನಿಜಕ್ಕೂ ತಣ್ಣಗೆ ಬಿಡಬೇಕು. ಫರ್ನೇಸನ್ನೂ ಹಾಗೇ ಓಡಿಸಿ ಹೀಟರನ್ನೂ ಹಾಕಿದರೆ ಎರಡು ಬಿಲ್.

ಪ್ರಶ್ನೆ: 18 ವರ್ಷ ಹಳೆಯ 80 ಪ್ರತಿಶತದ ಫರ್ನೇಸ್. 95ರದ್ದು ಹಾಕಿದರೆ ಎಷ್ಟು ಉಳಿಯುತ್ತದೆ?

ಉತ್ತರ: ಅಷ್ಟೇ ಶಾಖಕ್ಕೆ ಈಗ 100 ಭಾಗ ಗ್ಯಾಸ್ ಬೇಕಾದರೆ ಹೊಸದಕ್ಕೆ 84 ಭಾಗ ಸಾಕು. ಅಂದರೆ ಶೇಕಡಾ 16ರಷ್ಟು, ಅದೂ ಬರೀ ಕಾಯಿಸುವ ಗ್ಯಾಸಿನ ಮೇಲೆ. ಅಡುಗೆ, ಸ್ನಾನದ ನೀರಿನ ಪಾಲು ಇದರಲ್ಲಿ ಸೇರಿಲ್ಲ. ಹೊಸ ಪ್ಲಾಸ್ಟಿಕ್ ಕೊಳವೆ, ನೀರು ಹೋಗುವ ದಾರಿ ಇವುಗಳ ಖರ್ಚನ್ನು ಕೂಡಿಸಿಯೇ ಹೋಲಿಸಿ. ಒಂದು ಎಚ್ಚರಿಕೆ: ಹಳೆಯ ಫರ್ನೇಸಿನೊಂದಿಗೆ ಗ್ಯಾಸ್ ಗೀಸರ್ ಕೂಡ ಅದೇ ಚಿಮಣಿಗೆ ಸೇರಿದ್ದರೆ, ಫರ್ನೇಸ್ ಹೊರಟುಹೋದ ಮೇಲೆ ಗೀಸರ್ ಒಂದಕ್ಕೇ ಆ ಚಿಮಣಿ ತೀರಾ ದೊಡ್ಡದಾಗಿ ಹೊಗೆ ಸರಿಯಾಗಿ ಏರದೆ ಮನೆಯೊಳಗೇ ತಿರುಗಬಹುದು. ಚಿಮಣಿಯೊಳಗೆ ಸಣ್ಣ ಲೈನರ್ (ಒಳಕೊಳವೆ) ಹಾಕಿಸುವ ಬಗ್ಗೆ ಮೊದಲೇ ಕೇಳಿ.

ಇನ್ನು ಗಾತ್ರ. ಹಳೆಯದು ಎಷ್ಟಿತ್ತೋ ಅಷ್ಟೇ ಇರಲಿ ಎನ್ನುವವರಿಗೆ ಕೆಲಸ ಕೊಡಬೇಡಿ. ವರ್ಷದ ಅತ್ಯಂತ ಚಳಿಯ ರಾತ್ರಿ, ಥರ್ಮೋಸ್ಟ್ಯಾಟ್ ಮುಟ್ಟದೆ, ಒಂದು ಗಂಟೆಯಲ್ಲಿ ಎಷ್ಟು ನಿಮಿಷ ಉರಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. 30 ನಿಮಿಷವಷ್ಟೇ ಉರಿದರೆ ನಿಮ್ಮ ಫರ್ನೇಸ್ ಬೇಕಾದ್ದರ ಎರಡು ಪಟ್ಟು ದೊಡ್ಡದು. ಮನೆಯ ಶಾಖನಷ್ಟದ ಲೆಕ್ಕವನ್ನು ಕೋಣೆವಾರು ಕಾಗದದ ಮೇಲೆ ಕೇಳಿ ಪಡೆಯಿರಿ.

ಪ್ರಶ್ನೆ: ಚಳಿಗಾಲದಲ್ಲಿ ಒಂದು ತಿಂಗಳು ಊರಲ್ಲಿರುವುದಿಲ್ಲ. ಫರ್ನೇಸ್ ಪೂರ್ತಿ ಆರಿಸಿ ಹೋಗಬಹುದೇ?

ಉತ್ತರ: ಬೇಡ, ಕೊಳವೆಯ ನೀರು ಹೆಪ್ಪುಗಟ್ಟಿ ಸೀಳುತ್ತದೆ. 13 ಡಿಗ್ರಿಗೆ ಇಳಿಸಿ. ಹೊಸ ಫಿಲ್ಟರ್ ಹಾಕಿ, ಥರ್ಮೋಸ್ಟ್ಯಾಟಿನ ಬ್ಯಾಟರಿ ಬದಲಿಸಿ, ಸಿಂಕ್ ಕೆಳಗಿನ ಕಪಾಟುಗಳ ಬಾಗಿಲು ತೆರೆದಿಡಿ. ಮನೆಯ ಮುಖ್ಯ ನೀರಿನ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಒತ್ತಡ ಇಳಿಸಿ. ಕರೆಂಟ್ ಹೋಗಿ ಫರ್ನೇಸ್ ನಿಂತರೂ ಆಗ ಹೆಚ್ಚೆಂದರೆ ಕೊಳವೆಯಲ್ಲಿ ಉಳಿದ ನೀರಷ್ಟೇ ಹರಿದೀತು. ಹಿಮ ಬಿದ್ದಾಗ ಹೊರಗಿನ ಕೊಳವೆಯ ಬಾಯಿ ಬಿಡಿಸಲು, ಆಗಾಗ ಒಳಗೆ ಬಂದು ಥರ್ಮೋಸ್ಟ್ಯಾಟ್ ನೋಡಲು ನೆರೆಯವರಿಗೆ ಕೀಲಿ ಕೊಟ್ಟು ಹೋಗಿ. ಫರ್ನೇಸ್ ಸ್ವಿಚ್ ಎಲ್ಲಿದೆ ಎಂದೂ ತೋರಿಸಿ.